ಪಾಚಿಯನ್ನೆಲ್ಲ ತಿಂದು ಮುಗಿಸಿದ ಕಡಲಮೊಲದವರಿಗೆ

ಸನ್ಮಾನ್ಯ ಕಡಲಮೊಲದವರ ಸನ್ನಿಧಿಗೆ,
ಎಡಗಡೆಯ ಬಂಡೆ, ಜೀವಂತ ಹವಳ ಸಾಕುವ ಗಾಜಿನ ತೊಟ್ಟಿ, ನಮ್ಮ ಮನೆಯ ಹಜಾರ,
ಡುಲೂತ್, ಮಿನೆಸೋಟ.

ಮಾನ್ಯರೇ,

ತಾವು ಗಂಡೂ ಹೌದು ಹೆಣ್ಣೂ ಹೌದು ಎಂದು ತಿಳಿದವರು ಹೇಳುವುದರಿಂದ, ತಮ್ಮೊಳಗಿನ ಇಬ್ಬರಿಗೂ ಒಟ್ಟಿಗೇ ನಮಸ್ಕರಿಸಿ, ಚಿಪ್ಪಿಲ್ಲದ ಬಸವನಹುಳುಗಳ ಕುಲದಲ್ಲಿ ಹುಟ್ಟಿ ನಮ್ಮ ಮನೆಯ ಪಾಚಿಯನ್ನು ಪಾವನಗೊಳಿಸಿದ ತಮ್ಮ ಮೇಲೆ ಒಂದು ದೂರನ್ನು ಅತ್ಯಂತ ವಿನಯದಿಂದ ಸಲ್ಲಿಸುತ್ತಿದ್ದೇನೆ. ದೂರು ಇಷ್ಟೇ: ಹೇಳಿದ ಕೆಲಸವನ್ನು ತಾವು ಪೂರ್ತಿ ಮಾಡಿಬಿಟ್ಟಿರಿ.

ತಮ್ಮನ್ನು ಆರಿಸುವ ಮುಂಚೆ ನಾನು ಪಟ್ಟ ಪಾಡು ತಮಗೆ ತಿಳಿಯದು. ತೊಟ್ಟಿ ಚೊಕ್ಕಟ ಮಾಡಲಿ ಎಂದು ಮೊದಲು ಬಸವನಹುಳುಗಳನ್ನೂ ಚಿಪ್ಪು ಹೊತ್ತು ತಿರುಗುವ ಏಡಿಗಳನ್ನೂ ತಂದೆ. ಏಡಿಗಳು ಪಾಚಿಯನ್ನು ಬಿಟ್ಟು, ಜೊತೆಯ ಹುಳುಗಳನ್ನೇ ಕೊಂದು ಅವುಗಳ ಚಿಪ್ಪಿನೊಳಗೆ ಸಂಸಾರ ಹೂಡಿದವು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಆಮೇಲೆ ತಂದ ದಪ್ಪ ಬಸವನಹುಳು ಪ್ರಾಮಾಣಿಕ ಜೀವಿ, ಆದರೆ ನಾನು ಅಂಟಿಸಿದ ಹವಳಗಳನ್ನೆಲ್ಲ ನೂಕಿ ಕೆಡವುತ್ತಲೇ ಅದು ದಾರಿ ಸವೆಸುತ್ತಿತ್ತು. ಅಷ್ಟರಲ್ಲಿ ಪಾಚಿ ಕೂದಲಿನಂತೆ ಬೆಳೆದು ಹವಳಗಳ ಉಸಿರು ಕಟ್ಟಿಸತೊಡಗಿತು. "ಆರ್ಡಿಸ್, ಇದು ತೊಟ್ಟಿಯೋ, ನಮ್ಮಪ್ಪನ ಗಡ್ಡವೋ?" ಎಂದು ನನ್ನ ಗಂಡ ಲಾಯ್ಡ್ ಕೇಳಿದ ಮೇಲೆಯೇ ನಾನು ಊರಿನ ಹವಳ ಸಾಕುವವರ ಸಂಘಕ್ಕೆ ಫೋನ್ ಮಾಡಿದ್ದು.

ಸಂಘದ ಕಾರ್ಯದರ್ಶಿ ಮಾರ್ಲಿಸ್ ತಮ್ಮನ್ನು ಬಕೆಟ್ಟಿನಲ್ಲಿ ಕೂರಿಸಿ, ಕಂಬಳಿ ಸುತ್ತಿ, ಕಾರಿನ ಮುಂದಿನ ಸೀಟಿಗೆ ಬೆಲ್ಟ್ ಬಿಗಿದು ಕರೆತಂದಳು. "ನೋಡು ಆರ್ಡಿಸ್, ಇದು ಯಾರೊಬ್ಬರ ಸ್ವತ್ತೂ ಅಲ್ಲ. ಪಾಚಿ ಖಾಲಿಯಾದ್ರೆ ಮುಂದಿನ ಮನೆಗೆ ಕಳಿಸ್ಬಿಡಬೇಕು. ಆಸೆಪಟ್ಟು ಇಟ್ಕೊಂಡ್ಯೋ, ಹಸಿದು ಸಾಯುತ್ತೆ" ಎಂದಳು. ನಾನು ತಲೆಯಾಡಿಸಿದೆ. ತಲೆಯಾಡಿಸುವುದಕ್ಕೇನು ಕಷ್ಟ?

ಆಮೇಲೆ ತಾವು ಮೇಯ್ದ ಬಗೆಯನ್ನು ಎಷ್ಟು ಹೊಗಳಿದರೂ ಸಾಲದು. ತಲೆ ಎತ್ತದೆ, ಯಾರನ್ನೂ ನೂಕದೆ, ಬಂಡೆಯಿಂದ ಬಂಡೆಗೆ ಹಸುವಿನಂತೆ ಸಾಗಿದಿರಿ. ಮುದುಡಿದ್ದ ಹವಳಗಳು ತಮ್ಮ ಹಿಂದೆಯೇ ಅರಳುತ್ತ ಬಂದವು. ತಮ್ಮನ್ನು ನೋಡುತ್ತ ಕೂತು ಊಟಕ್ಕೆಂದು ಒಲೆಯಲ್ಲಿ ಬೇಯಲಿಟ್ಟ ಆಲೂಗಡ್ಡೆಯ ಹಾಟ್‌ಡಿಷ್ಷನ್ನು ಎರಡು ಸಲ ಸೀಯಿಸಿದೆ. ಲಾಯ್ಡ್ ಇಷ್ಟು ವರ್ಷ ನನ್ನೆದುರು ಕೂತು ಉಂಡಿದ್ದಾನೆ, ಒಂದು ದಿನವೂ ಅವನನ್ನು ನಾನು ಹಾಗೆ ನೋಡಿದ್ದಿಲ್ಲ.

ಪಾಚಿ ಮುಗಿಯಿತು, ತಾವು ಸೊರಗತೊಡಗಿದಿರಿ. ಮುಷ್ಟಿಗಾತ್ರದವರು ನಿಂಬೆಹಣ್ಣಿನಷ್ಟಾದಿರಿ. ಒಣಗಿಸಿದ ಕಡಲಸೊಪ್ಪನ್ನು ಕಲ್ಲಿಗೆ ಕಟ್ಟಿ ಇಟ್ಟರೆ ತಾವು ಅದರ ಮೇಲೆಯೇ ನಡೆದು ಹೋದಿರಿ, ಮೀನುಗಳು ಹಬ್ಬ ಮಾಡಿದವು. ಕೊನೆಗೆ, ಹವಳ ಸಾಕುವ ಯಾರೂ ಮಾಡಬಾರದ್ದನ್ನು ಮಾಡಿದೆ: ಪಾಚಿ ಮತ್ತೆ ಹುಟ್ಟಲೆಂದು ದೀಪವನ್ನು ಹೊತ್ತುಮೀರಿ ಉರಿಸಿದೆ, ಮೀನುಗಳಿಗೆ ಬೇಡವೆಂದರೂ ಆಹಾರ ಸುರಿದೆ. ಲಾಯ್ಡ್ ಕಣ್ಣಿಗೆ ಸಿಕ್ಕಿಬಿದ್ದೆ. "ಅಲ್ವೇ, ಕೊಳೆ ತೆಗೆಯೋಕೆ ಅಂತ ತಂದಿದ್ದಕ್ಕೋಸ್ಕರ ಈಗ ಕೊಳೆ ಸಾಕ್ತಿದೀಯಾ?" ಎಂದ. ಹವಳಗಳು ಮತ್ತೆ ಮುದುಡಿದವು. ನಾನು ಕಷ್ಟಪಟ್ಟು ಬೆಳೆಸಿದ ಹಸಿರನ್ನು ತಾವು ಒಂದೇ ಬೆಳಗಿನಲ್ಲಿ ನುಣ್ಣಗೆ ಮಾಡಿದಿರಿ.

ಆದ್ದರಿಂದ ತಾವು ದಯಮಾಡಿ ಇನ್ನು ಮುಂದೆ ಸರಕಾರಿ ಕಡತ ಸಾಗುವ ವೇಗದಲ್ಲಿ ಮಾತ್ರ ಅಗಿಯಬೇಕೆಂದೂ, ಭಾನುವಾರ ಉಪವಾಸವಿದ್ದೂ ತೂಕ ಉಳಿಸಿಕೊಳ್ಳಬೇಕೆಂದೂ, ಸಾಧ್ಯವಾದರೆ ಗಾಳಿಯನ್ನೇ ಉಂಡು ಬದುಕುವ ವಿದ್ಯೆ ಕಲಿಯಬೇಕೆಂದೂ ಕೋರುತ್ತೇನೆ. ಇದಾವುದೂ ಆಗದಿದ್ದರೆ ಒಂದಿಷ್ಟು ಕೆಟ್ಟ ಗುಣವನ್ನಾದರೂ ತೋರಿಸಿ, ಕಳುಹಿಸಿಕೊಡುವುದು ಸುಲಭವಾಗುತ್ತದೆ.

ತಮಗಾಗಿ ಕಾಯುವವರ ಸಂಘದ ಪಟ್ಟಿಯಲ್ಲಿ ಮುಂದಿನ ಹೆಸರು ಡ್ವೇನ್‌ನದು. ಅವನ ತೊಟ್ಟಿಯನ್ನು ಜೌಗು ನೆಲವೆಂದು ಸಂಘದ ಪ್ರತಿ ಊಟದಲ್ಲೂ ಆಡಿಕೊಂಡವಳು ನಾನೇ. ನಿನ್ನೆ ಹೋಗಿ ನೋಡಿದೆ: ಎಲ್ಲ ಬಂಡೆಯ ಮೇಲೂ ಹಸಿರು ತೊನೆಯುತ್ತಿತ್ತು, ಹೊಟ್ಟೆ ಉರಿಯಿತು. ನೀರು ಎಳೆಯುವ ಪಂಪಿನ ಬಾಯಿಗೆ ಮುಚ್ಚಳವಿರಲಿಲ್ಲ. ತಮ್ಮಂಥ ಮೆತ್ತನೆಯವರು ಹತ್ತಿರ ಸುಳಿದರೆ ಕಥೆ ಮುಗಿಯಿತು. ಅಂಗಿಯ ತೋಳು ಮಡಚಿ ನಾನೇ ಅದಕ್ಕೆ ಸ್ಪಂಜು ಕಟ್ಟಿದೆ. "ಕೊಳಕು ತೊಟ್ಟಿ ಅಂತಿದ್ದೆ, ಈಗ ಅದರಲ್ಲೇ ಕೈ ಅದ್ದಿದೀಯಲ್ಲಮ್ಮ!" ಎಂದು ಡ್ವೇನ್ ಹಲ್ಲು ಕಿರಿದ. ತಮಗೋಸ್ಕರ ಅದನ್ನೂ ನುಂಗಿಕೊಂಡೆ.

ನಾಳೆ ಬೆಳಿಗ್ಗೆ ತಮ್ಮನ್ನು ಅಲ್ಲಿಗೆ ಬಿಟ್ಟುಬರುತ್ತೇನೆ. ನನಗೆ ದುಃಖವಾಗಿದೆ. ಇಲ್ಲಿದ್ದರೆ ತಾವು ಉಳಿಯುವುದಿಲ್ಲ, ಅಲ್ಲಿಗೆ ಹೋದರೆ ಉಳಿಯುತ್ತೀರಿ. ಇದರಲ್ಲಿ ನನ್ನ ಇಷ್ಟವನ್ನು ಕೇಳುವವರು ಯಾರೂ ಇಲ್ಲ.

ನುಣ್ಣನೆಯ ಬಂಡೆಗಳ ನಡುವೆ,
ತಮ್ಮ ವಿಶ್ವಾಸಿ,
ಆರ್ಡಿಸ್ ಹೌಗೆನ್

ತಾ.ಕ.: ಡ್ವೇನ್‌ನ ಹವಳಗಳು ಅಷ್ಟೇನೂ ಚಂದವಿಲ್ಲ, ಅವಕ್ಕೆ ಮರುಳಾಗಿ ಅಲ್ಲೇ ತಳ ಊರಬೇಡಿ. ಪಟ್ಟಿಯಲ್ಲಿ ನನ್ನ ಹೆಸರನ್ನು ಇನ್ನೊಮ್ಮೆ ಬರೆದುಕೊಳ್ಳಲು ಮಾರ್ಲಿಸ್‌ಗೆ ಹೇಳಿದ್ದೇನೆ. "ನಿನ್ನ ತೊಟ್ಟಿ ಫಳಫಳ ಅಂತಿದೆಯಲ್ಲೇ, ಪಾಚಿ ಎಲ್ಲಿದೆ?" ಎಂದು ಕೇಳಿದಳು. "ಡ್ವೇನ್‌ದು ಮುಗಿಯೋದ್ರೊಳಗೆ ಬೆಳೆಸ್ತೀನಿ, ನೀನು ಹೆಸರು ಬರ್ಕೊ" ಎಂದೆ.