ನೂರಾ ಹದಿನೈದು ಸಾಮಾನಿನ ಡಬ್ಬಿ

ಬೇರೆಯವರ ಮನೆಯಲ್ಲಿ ಸಾಮಾನು ಕೆಡುತ್ತವೆ, ರಿಪೇರಿಯಾಗುತ್ತವೆ, ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಿ ಮಾತ್ರ ಪ್ರತಿ ಸಲವೂ ನಾನು ನಡುವೆ ಬಾಯಿ ಹಾಕಿ ನಗೆಪಾಟಲಾಗುತ್ತೇನೆ. ಸಿಂದಗಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ವಿದ್ಯುತ್ತಿನ ಪಾಠ ಮಾಡುತ್ತಿರುವ ವಿಜ್ಞಾನ ಮಾಸ್ತರ ನಾನು. ಮನೆಯಲ್ಲಿ ಬಲ್ಬು ಬದಲಿಸುವವಳು ನನ್ನ ಹೆಂಡತಿ.

೧. ಬಾಯಿ ಬಿಟ್ಟದ್ದು

ಹೂವಿನ ಹಿಪ್ಪರಗಿಯ ಮಾವನವರ ಮನೆಗೆ ಹೋಗಿದ್ದೆವು. ಅಲ್ಲಿ ರೇಡಿಯೋ ಬಂದ್ ಬಿದ್ದಿತ್ತು. ಅತ್ತೆಯವರು ಬೆಳಿಗ್ಗೆ ಒಲೆಗಿಂತ ಮೊದಲು ಹಚ್ಚುತ್ತಿದ್ದ ರೇಡಿಯೋ ಅದು. ಪಾಪ, ಅವರ ಮುಖ ಸಣ್ಣದಾಗಿತ್ತು.

"ಬಾಗೇವಾಡಿಗೆ ಒಯ್ದು ರಿಪೇರಿ ಮಾಡಿಸ್ಕೊಂಡು ಬರ್ರಿ ಅಂದ್ರ ನಿಮ್ಮ ಮಾವಾರು ಕಾಲ ತಗಿಯವಲ್ರು" ಎಂದು ದೂರಿದರು.

ಬೀಗರ ಬಳಗವೆಲ್ಲ ಕೂತಿತ್ತು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ? "ಬಾಗೇವಾಡಿ ಯಾಕ ಬೇಕ್ರಿ? ದಸರಾದೊಳಗ ನಾನ ಮಾಡಿ ಕೊಡ್ತೇನಿ" ಅಂದುಬಿಟ್ಟೆ.

ಹೆಂಡತಿ ಕಣ್ಣು ಕೆಕ್ಕರಿಸಿದಳು. ಮಾವನವರು ಮಾತ್ರ ತಟ್ಟನೆ ಎದ್ದು, ರೇಡಿಯೋವನ್ನು ಟಾವೆಲಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. ಅವರಿಗೆ ಅಳಿಯನ ಮೇಲೆ ಇಷ್ಟು ನಂಬಿಕೆ ಇದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

೨. ಡಬ್ಬಿ ಆರಿಸಿದ್ದು

ದಸರಾದೊಳಗೆ ರೇಡಿಯೋ ಮಾತಾಡದಿದ್ದರೆ ಬೀಗರ ಮುಂದೆ ನನ್ನ ಇಜ್ಜತ್ತು ಮೂರಾಬಟ್ಟೆ. ಊರಿಗೆ ಮರಳಿದ ಮರುದಿನವೇ ಹೆಂಡತಿಯನ್ನು ಕರೆದುಕೊಂಡು ರಿಪೇರಿ ಸಾಮಾನಿನ ಅಂಗಡಿಗೆ ಹೋದೆ.

"ಏನ ರಿಪೇರಿ ಮಾಡವ್ರರಿ ಸರ?" ಅಂಗಡಿಯವನು ಕೇಳಿದ.

"ರೇಡಿಯೋ."

"ಹಂಗಾದ್ರ ಒಂದ ಸ್ಕ್ರೂಡ್ರೈವರ್, ಒಂದ ಕಟರ್, ಒಂದ ಸೋಲ್ಡರಿಂಗ್ ಐರನ್ ಸಾಕ್ರಿ."

ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಬರೀ ಮೂರು ಸಾಮಾನೇ? ನನಗೆ ಅವಮಾನವಾಯಿತು. ಮೇಲಿನ ಹಲಗೆಯಲ್ಲಿ ನೂರಾ ಹದಿನೈದು ಸಾಮಾನಿನ ದೊಡ್ಡ ಡಬ್ಬಿಯೊಂದಿತ್ತು. ಮೊಬೈಲು, ಲ್ಯಾಪ್‌ಟಾಪು, ಡ್ರೋನು ಎಲ್ಲಕ್ಕೂ ಆಗುತ್ತದೆಂದು ಅದರ ಮೇಲೆ ಬರೆದಿತ್ತು.

"ಸರ, ಅದರಾಗ ನೂರು ಬರೇ ಸ್ಕ್ರೂಡ್ರೈವರಿನ ಮೂತಿ ಅದಾವ್ರಿ. ಕಟರೂ ಇಲ್ಲ, ಸೋಲ್ಡರಿಂಗ್ ಐರನ್ನೂ ಇಲ್ಲ" ಎಂದ ಆ ಪ್ರಾಮಾಣಿಕ ಮನುಷ್ಯ.

ನಾನು ಅನುಮಾನಿಸುತ್ತಿರುವಾಗಲೇ ಹೆಂಡತಿ ಮುಚ್ಚಳ ತೆಗೆದು, ಒಳಗಿನ ಸಣ್ಣ ಸಣ್ಣ ಖಾನೆಗಳನ್ನು ಎಣಿಸಿ ತೀರ್ಪು ಕೊಟ್ಟಳು: "ಇದನ್ನ ತಗೊಳ್ರಿ. ನಿಮ್ಮ ಹುಚ್ಚು ಇಳದ ಮ್ಯಾಲ ಜೀರಗಿ, ಸಾಸಿವಿ ಹಾಕಿಡಾಕ ಬರ್ತೈತಿ."

ಬೆಸುಗೆ ಹಾಕುವ ಐರನ್ನೂ ವಾಯರ್ ಕತ್ತರಿಸುವ ಕಟರನ್ನೂ ಬೇರೆಯಾಗಿ ಕೊಂಡೆವು.

೩. ಬರಿದು ಡಬ್ಬಿ ಕೊಡಬಾರದು

ರೇಡಿಯೋ ಬಿಚ್ಚಿದೆ. ಒಳಗೊಂದು ವಾಯರ್ ತುಂಡಾಗಿದ್ದು ನನಗೂ ಕಂಡಿತು! ಇಲಿ ಕಡಿದಿರಬೇಕು ಅಂದುಕೊಂಡೆ. ಬಿಚ್ಚಿದ ನಾಲ್ಕು ಸ್ಕ್ರೂಗಳನ್ನು ಡಬ್ಬಿಯ ಖಾನೆಯಲ್ಲಿ ಜೋಪಾನವಾಗಿಟ್ಟೆ. ಅಷ್ಟರಲ್ಲಿ ಪಕ್ಕದ ಮನೆಯ ಕಾಕು ಬಂದರು.

"ಮಾಸ್ತರ, ಕುಕ್ಕರಿನ ಹಿಡಿಕಿ ಅಲಗ್ಯಾಡಾಕತ್ತೈತಿ. ನಿಮ್ಮ ಡಬ್ಬಿ ಕೊಡ್ರಿ."

ಕೊಟ್ಟೆ. ಎರಡು ದಿನ ಬಿಟ್ಟು ಡಬ್ಬಿ ಬಂತು. ಮುಚ್ಚಳ ತೆಗೆದರೆ ದೊಡ್ಡ ಖಾನೆಗಳಲ್ಲಿ ಶೇಂಗಾ ಉಂಡಿ, ಸಣ್ಣವುಗಳಲ್ಲಿ ಚಕ್ಕಲಿಯ ತುಣುಕು. ನೂರಾ ಹದಿನೈದು ಸಾಮಾನು ಬೇರೆ ಕೈಚೀಲದಲ್ಲಿದ್ದವು.

"ಇಸ್ಕೊಂಡ ಡಬ್ಬಿ ಬರಿದ ಹೊಳ್ಳಿ ಕೊಡಬಾರದಲ್ರಿ!" ಅಂದರು ಕಾಕು.

"ಕಾಕು, ಒಳಗ ನಾಕು ಸ್ಕ್ರೂ ಇದ್ದೂ..."

"ಅವಾ? ತುಕ್ಕು ಹಿಡದಿದ್ದೂ. ಒಗದೆ."

ಏನು ಮಾಡುವುದು? ವಾಯರಿಗೆ ಬೆಸುಗೆ ಹಾಕಿ, ಎರಡು ಬೆರಳು ಸುಟ್ಟುಕೊಂಡು, ರೇಡಿಯೋದ ಬೆನ್ನನ್ನು ನನ್ನ ಪಾಯಜಾಮದ ಲಾಡಿಯಿಂದ ಬಿಗಿದೆ. ಗುಂಡಿ ತಿರುವಿದರೆ ರೇಡಿಯೋ ಮಾತಾಡಿತು! ನಾನು ಅಂಗಳದಲ್ಲಿ ಕುಣಿದದ್ದನ್ನು, ಲಾಡಿಯಿಲ್ಲದ ಪಾಯಜಾಮ ಹಿಡಿದುಕೊಂಡು ಕುಣಿದದ್ದನ್ನು, ಕಾಕು ಇಂದಿಗೂ ಓಣಿಯಲ್ಲಿ ಹೇಳುತ್ತಾರೆ.

೪. ಖಂಡೇಪೂಜೆಯ ದಿನ

ದಸರಾದ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ಹೆಂಡತಿ ಡಬ್ಬಿ, ಕಟರು, ಐರನ್ನು ಎಲ್ಲವನ್ನೂ ಜಗಲಿಯ ಮೇಲಿಟ್ಟು, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿದಳು. ಮನೆಯ ಕತ್ತರಿ, ಈಳಿಗೆಯೂ ಅಲ್ಲೇ ಕೂತವು. ಪೂಜೆಗೆ ಕೂತ ಹತ್ಯಾರನ್ನು ಅಂದು ಯಾರೂ ಮುಟ್ಟುವಂತಿಲ್ಲ.

ಅತ್ತೆ ಮಾವ ಬಂದರು. ಎಲ್ಲರೆದುರು ರೇಡಿಯೋ ಹಚ್ಚಿದೆ. ಹಾಡು ಕೇಳಿದ್ದೇ ಅತ್ತೆಯವರ ಕಣ್ಣು ತುಂಬಿ ಬಂದವು. "ನನ್ನ ಅಳಿಯ ಬಂಗಾರ" ಎಂದು ದೃಷ್ಟಿ ತೆಗೆದು, ರೇಡಿಯೋ ಎತ್ತಿಕೊಂಡು ಅಡುಗೆಮನೆಗೆ ಹೋದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮಾವನವರ ಮುಖ ಮಾತ್ರ ಹಾಗಲಕಾಯಿ ತಿಂದಂತಿತ್ತು. ನನ್ನನ್ನು ಹಿತ್ತಲಿಗೆ ಎಳೆದೊಯ್ದರು.

"ಅಳಿಯಾರ, ಎಂಥಾ ಕೆಲಸ ಮಾಡಿದ್ರಿ! ಆ ವಾಯರ್ ಕತ್ತರಿಸಿದಾಂವ ನಾನ. ನಲವತ್ತ ವರ್ಷದಾಗ ಈಗ ಮನಿ ಶಾಂತ ಆಗಿತ್ತು."

"ಮತ್ತ ನನ್ನ ಕೈಯಾಗ ಯಾಕ ಕೊಟ್ರಿ?"

"ಬಾಗೇವಾಡ್ಯಾಗ ಕೊಟ್ಟಿದ್ರ ಒಂದ ತಾಸಿನ್ಯಾಗ ಮಾಡಿ ಕೊಡ್ತಿದ್ರು. ನಿಮ್ಮ ಕೈಲೆ ಆಗೂದಿಲ್ಲ ಅಂತ ನನಗ ಭಾಳ ಭರೋಸಾ ಇತ್ರಿ."

ಬಂದ ಇಜ್ಜತ್ತು ಬಂದ ದಾರಿಯಲ್ಲೇ ಹೋಯಿತು. ಮಾವನವರು ಸುತ್ತ ನೋಡಿ ದನಿ ತಗ್ಗಿಸಿದರು. "ಆಗಿದ್ದು ಆತು. ಸಣ್ಣಂಗ ಆ ಕಟರ್ ತರ್ರಿ."

"ಮಾವಾರ, ಇವತ್ತ ಖಂಡೇಪೂಜಿ. ಕಟರ್ ಜಗಲಿ ಮ್ಯಾಲ ಕುಂತೈತಿ. ನಾಳಿತನಾ ಮುಟ್ಟಂಗಿಲ್ರಿ."

ಅವರು ತಲೆಗೆ ಸುತ್ತಿದ್ದ ಪಟಕವನ್ನು ಕಿವಿಯ ಮೇಲೆ ಎಳೆದುಕೊಂಡು ಕಲ್ಲಿನ ಮೇಲೆ ಕೂತರು. ಒಳಗಿನಿಂದ ಅತ್ತೆಯವರ ಕೂಗು ಕೇಳಿತು: "ಅಳಿಯಾರ, ಇದರ ಧ್ವನಿ ಇನ್ನೊಂಚೂರು ಏರಸಾಕ ಬರ್ತೈತೇನ್ರಿ?"

ಒಳಗೆ ಹೊರಟ ನನ್ನ ಎರಡೂ ಕೈಗಳನ್ನು ಮಾವನವರು ಗಟ್ಟಿಯಾಗಿ ಹಿಡಿದುಕೊಂಡರು.