ಚಾಸಿಯೊಳಗೆ ಕೂರಲೊಲ್ಲದ ಅಡ್ಡಪಟ್ಟಿಗೆ

ಮಾನ್ಯರೇ,

ನಮ್ಮ ಅಪ್ಪನ ಹಳೇ ಕಾರಿನ ಚಾಸಿಯಲ್ಲಿ, ಅಂದರೆ ಅದರ ಅಡಿಗಟ್ಟಿನಲ್ಲಿ, ಎರಡು ಉದ್ದ ತೊಲೆಗಳ ನಡುವೆ ಕೂತು ಎಂಜಿನ್ನಿನ ಭಾರ ಹೊರಲೆಂದು ಹೊಸದಾಗಿ ತಯಾರಾಗಿ ಬಂದು, ಹನ್ನೊಂದು ದಿನಗಳಿಂದ ನಮ್ಮ ಶೆಡ್ಡಿನ ಗೋಡೆಗೆ ಒರಗಿ ವಿಶ್ರಾಂತಿ ಪಡೆಯುತ್ತಿರುವ ತಮಗೆ, ಈ ಮನೆಯ ಹಿರಿಯಳಾದ ನನ್ನ ನಮಸ್ಕಾರಗಳು. ತಮಗೆ ಬಳಿದ ಕೆಂಪು ಪ್ರೈಮರ್ ಚೆನ್ನಾಗಿ ಒಪ್ಪುತ್ತದೆ. ತಾವು ಕ್ಷೇಮವೆಂದು ಭಾವಿಸುತ್ತೇನೆ, ನಾವು ಕ್ಷೇಮವಾಗಿಲ್ಲ.

ತಾವು ಕೂರಬೇಕಾದ ಜಾಗಕ್ಕಿಂತ ತಾವು ಎರಡು ಇಂಚು ಉದ್ದವಾಗಿದ್ದೀರಿ. ದೊಡ್ಡವರು ದೊಡ್ಡದಾಗಿಯೇ ಇರಬೇಕು, ಒಪ್ಪುತ್ತೇನೆ. ಆದರೆ ತಮಗೆ ಜಾಗ ಮಾಡಿಕೊಡಲು ನಮ್ಮ ಯಜಮಾನರು ಜಾಕ್ ಕೊಟ್ಟು ತೊಲೆಗಳನ್ನೇ ಅಗಲಿಸಲು ಹೋದಾಗ, ಕಾರಿನ ಬಲಗಡೆ ಬಾಗಿಲು ತಾನಾಗಿ ತೆರೆದುಕೊಂಡು ಅವರ ಬೆನ್ನಿಗೆ ಬಡಿಯಿತು. ಅಂದಿನಿಂದ ಅವರು ಊಟಕ್ಕೂ ಸೆಟೆದುಕೊಂಡೇ ಕೂರುತ್ತಾರೆ. ನೆಟ್ಟಗೆ ಕೂರಿ ಎಂದು ನಲವತ್ತಾರು ವರ್ಷ ನಾನು ಹೇಳಿದರೂ ಆಗದ ಕೆಲಸ ತಮ್ಮಿಂದಾಯಿತು, ಅದಕ್ಕೆ ಕೃತಜ್ಞಳು. ಎಂಜಿನ್ ಮಾತ್ರ ಇನ್ನೂ ಸರಪಳಿಯಲ್ಲಿ ತೂಗುತ್ತಿದೆ, ಮೊಮ್ಮಗಳು ಅದಕ್ಕೆ ಜೋಗುಳ ಹಾಡಲು ಶುರುಮಾಡಿದ್ದಾಳೆ.

ತಮ್ಮನ್ನು ತಯಾರಿಸಿದ ವೆಲ್ಡರನ್ನು ನಾನೇ ಕರೆಸಿ, ಬೀದಿಗೆಲ್ಲ ಕೇಳುವಂತೆ ವಿಚಾರಿಸಿಕೊಂಡೆ. ಅವನು, ಅಮ್ಮಾ ನೀವು ಕೊಟ್ಟ ಅಳತೆಗೇ ಮಾಡಿದ್ದೀನಿ ಎಂದು ಯಜಮಾನರ ಕೈಬರಹದ ಚೀಟಿ ತೋರಿಸಿದ. ಮೂವತ್ತನಾಲ್ಕು ಇಂಚು ಎಂದಿತ್ತು. ಹೋಲಿಸಿ ನೋಡಲು, ತಮಗಿಂತ ಮೊದಲು ಆ ಜಾಗದಲ್ಲಿದ್ದ ತುಕ್ಕು ಹಿಡಿದ ಹಳೇ ಪಟ್ಟಿ ಇರಲಿಲ್ಲ. ಅಂಗಳ ಕೊಳೆಯಾಗುತ್ತದೆಂದು ಅದನ್ನು ಗುಜರಿಯವನಿಗೆ ಹೊರಿಸಿ ಕಳಿಸಿದವಳು ನಾನು, ಆ ವಿಷಯ ಇಲ್ಲಿ ಬೇಡ. ಅಳೆಯಲು ಬಾರದವನು ಬೇರೆ ಕಸುಬು ನೋಡಿಕೊಳ್ಳಲಿ ಎಂದೆ. ಅವನು ಮುಖ ಊದಿಸಿಕೊಂಡು ಹೋದವನು ನಾಲ್ಕು ದಿನವಾದರೂ ಈ ಕಡೆ ತಲೆ ಹಾಕಿಲ್ಲ. ತಮ್ಮನ್ನು ಕತ್ತರಿಸಿ, ಬಲ ಕುಂದದಂತೆ ಮತ್ತೆ ಜೋಡಿಸಬಲ್ಲ ಕೈ ಅವನದೊಂದೇ.

ಮುಂದಿನ ತಿಂಗಳು ನಮ್ಮ ಅಕ್ಕನಿಗೆ ಎಂಬತ್ತು ತುಂಬುತ್ತದೆ. ಅಂದು ಅಪ್ಪನ ಕಾರಿನಲ್ಲೇ ಬಂದು ನಿನ್ನನ್ನು ಕರೆದೊಯ್ಯುತ್ತೇನೆ ಎಂದು ನೆಂಟರ ಎದುರಿಗೆ ಮಾತು ಕೊಟ್ಟಿದ್ದೇನೆ. ನಡೆದುಕೊಂಡೇ ಬಾರೇ, ಬೇಗ ಬರ್ತೀಯ ಎಂದು ಅವಳು ನಕ್ಕಳು. ಎಲ್ಲರೂ ನಕ್ಕರು. ಆದ್ದರಿಂದ ತಾವು ಉಪವಾಸವಿದ್ದಾದರೂ ಎರಡು ಇಂಚು ಇಳಿಯಬೇಕು, ಇಲ್ಲವೇ ಸ್ವಲ್ಪ ದಪ್ಪಗಾಗುವಂತೆ ಕಾರಿಗೇ ಒಂದು ಮಾತು ಹೇಳಬೇಕೆಂದು ಕೋರುತ್ತೇನೆ.

ಇಷ್ಟು ಬರೆದ ಮೇಲೆ, ತಮ್ಮ ತಪ್ಪನ್ನು ಅಳತೆ ಸಮೇತ ನಮೂದಿಸೋಣವೆಂದು ಎದ್ದು ಹೋಗಿ ಯಜಮಾನರ ಸಲಕರಣೆ ಪೆಟ್ಟಿಗೆಯಿಂದ ಟೇಪು ತೆಗೆದೆ. ಅದು ನನ್ನ ಹೊಲಿಗೆ ಡಬ್ಬಿಯ ಹಳದಿ ಟೇಪು. ಬಹಳ ಹಿಂದೆ ಇಲಿ ಕಡಿದಿದ್ದ ಮೊದಲ ಎರಡು ಇಂಚನ್ನು ನಾನೇ ಕತ್ತರಿಸಿ, ತುದಿಗೆ ನೂಲು ಸುತ್ತಿ ಅಂದಗೊಳಿಸಿದ್ದೆ. ಈ ಟೇಪಿನಲ್ಲಿ ಅಳೆದರೆ ಬಂದದ್ದರಲ್ಲಿ ಎರಡು ಕಳೆಯಬೇಕೆಂಬುದು ನಮ್ಮ ಮನೆಯಲ್ಲಿ ಸೂಜಿ ಹಿಡಿದವರಿಗೆಲ್ಲ ಗೊತ್ತು; ಸ್ಪ್ಯಾನರ್ ಹಿಡಿದವರಿಗೆ ಯಾರೂ ಹೇಳಿರಲಿಲ್ಲ.

ಬರೆದದ್ದನ್ನು ಹೊಡೆದುಹಾಕುವ ಅಭ್ಯಾಸ ನನಗೆ ಶಾಲೆಯಲ್ಲೂ ಇರಲಿಲ್ಲ, ಮೇಲಿನದೆಲ್ಲ ಹಾಗೇ ಇರಲಿ. ಆದರೆ ಜಾಕಿಗೂ ಸುತ್ತಿಗೆಗೂ ನನ್ನ ನಾಲಿಗೆಗೂ ಜಗ್ಗದೆ, ಕೊಟ್ಟ ಅಳತೆಗೆ ಕೂದಲೆಳೆಯಷ್ಟೂ ತಪ್ಪದೆ ನಿಂತವರು ಈ ಪ್ರಕರಣದಲ್ಲಿ ತಾವೊಬ್ಬರೇ. ಅಲ್ಲ, ತಾವು ಮತ್ತು ಆ ವೆಲ್ಡರ್. ಈ ವಯಸ್ಸಿನಲ್ಲಿ ನಾನು ಅವನ ಬಾಗಿಲಿಗೆ ಹೋಗಿ ನಿಲ್ಲುವುದು ತಪ್ಪಬೇಕಾದರೆ, ನಾಳೆ ಬೆಳಿಗ್ಗೆಯೊಳಗೆ ತಾವೇ ದೊಡ್ಡ ಮನಸ್ಸು ಮಾಡಿ ಎರಡು ಇಂಚು ಕುಗ್ಗಿಬಿಡಿ. ಕುಗ್ಗದಿದ್ದರೆ ಹತ್ತು ಗಂಟೆಗೆ ನಾನು ಚಪ್ಪಲಿ ಮೆಟ್ಟಿ ಹೊರಡುತ್ತೇನೆ.

ಇಂತಿ, ಎರಡು ಇಂಚು ತಗ್ಗಿರುವ
ತಮ್ಮ ವಿಶ್ವಾಸಿ,
ಮನೆಯ ಹಿರಿಯಳು

ತಾ.ಕ.: ಈ ಪತ್ರವನ್ನು ಶೆಡ್ಡಿನ ಬಾಗಿಲಿಗೆ ಅಂಟಿಸುತ್ತಿದ್ದೇನೆ. ನನ್ನನ್ನು ಕೇಳದೆ ಟೇಪು ಎತ್ತಿಕೊಂಡು ಹೋದ ಯಜಮಾನರು, ಅದರಲ್ಲೇ ತಮ್ಮದೇ ಸೊಂಟವನ್ನೂ ಅಳೆದು ಗಾಬರಿಯಾಗಿ ಸಿಹಿ ಬಿಟ್ಟಿದ್ದಾರೆಂದು ತಿಳಿದುಬಂದಿದೆ. ಆ ಅಳತೆಯಲ್ಲಿ ಮಾತ್ರ ಎರಡು ಕಳೆಯತಕ್ಕದ್ದಲ್ಲ.