ಬಗಲಲ್ಲಿರೋ ಬೆಕ್ಕು ಅಡ್ಡ ಬರಲ್ಲ

ಒಂದು ಬೆಕ್ಕಿಗೆ ಅನ್ನ ಹಾಕಿದರೆ ಅದು ಹೋಗಿ ಊರಿಗೆಲ್ಲ ಡಂಗುರ ಸಾರುತ್ತೆ. ಪ್ಲೇಗು ಬಂದಾಗ ಮೊಳಕಾಲ್ಮೂರಿನ ಜನ ರೇಷ್ಮೆ, ಮಗ್ಗದ ಸಾಮಾನು ಹೊತ್ತುಕೊಂಡು ಊರಾಚೆ ಗುಡಿಸಲಿಗೆ ಹೋದರು, ಬೆಕ್ಕುಗಳನ್ನ ಬಿಟ್ಟರು. ಆಮೇಲೆ ಕೆಲವರು ತಿರುಗಿ ಬರಲೇ ಇಲ್ಲ. ಅವರ ಬೆಕ್ಕುಗಳೆಲ್ಲ ನಮ್ಮನೆಗೆ ಬಂದವು, ಅವ್ವ ಬಾ ಅಂದಳು. ನನ್ನ ಇಸ್ಕೂಲು ಬಿಡಿಸಿದ್ದು ನೇಯೋದು ಕಲೀಲಿ ಅಂತ. ಕಲಿತದ್ದು ಬೆಕ್ಕು ಕಾಯೋದು. ಸಾಕಾಗೈತೆ.

ಕುಣಿಯೊಳಗೆ

ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಾನೆ. ಒಂದು ಬೆಳಿಗ್ಗೆ ಅಲ್ಲಿ ಒಕ್ಕಣ್ಣಿ ಮಲಗಿತ್ತು. ಅವ್ವನ ಮುದ್ದಿನ ಬೆಕ್ಕು, ಒಂದು ಕಣ್ಣಿಲ್ಲ. ಅಪ್ಪ ಕಾಲು ಆಡಿಸಿದ, ಅದು ಹೆಬ್ಬೆರಳು ಕಚ್ಚಿತು. ಅಪ್ಪನಿಗೆ ಸಿಟ್ಟು ಬಂದರೆ ತೆಲುಗು ಬರುತ್ತೆ.

"ಚಾಲು ರಾ, ಚಾಲು! ಸಾಕಿದ್ದು ಸಾಕು. ಇವನ್ನೆಲ್ಲ ದೇವಸಮುದ್ರದ ಹಳ್ಳಿಗೆ ಬಿಟ್ಟು ಬಾ."

"ಮೆತ್ತಗೆ ಮಾತಾಡ್ರಿ," ಅಂದಳು ಅವ್ವ. "ಅದು ಈಗ ತಾನೆ ಮಲಗೈತೆ."

ಗೋಣಿಚೀಲ

ಮೊದಲು ಒಂದು ಗಡವ ಬೆಕ್ಕನ್ನ ಚೀಲಕ್ಕೆ ಹಾಕ್ಕೊಂಡು ಹೊರಟೆ. ದೇವಸಮುದ್ರದ ಹತ್ತಿರ ಕುರಿಹಟ್ಟಿಯ ಅಜ್ಜಿ ತಡೆದಳು.

"ಚೀಲದಾಗೆ ಏನಲೇ?"

"ಇಲಿ ಹಿಡಿಯೋ ಬೆಕ್ಕಜ್ಜಿ. ಬಿಟ್ಟಿ ತಗೋ."

"ಬಿಟ್ಟಿ ತಗಳ್ಳೋ ಮನೆತನ ಅಲ್ಲಪ್ಪ ನಮ್ದು," ಅಂತ ಅಜ್ಜಿ ಗಂಡು ಬೆಕ್ಕು ಇಳಿಸಿಕೊಂಡು, ಬದಲಿಗೆ ಬಸುರಿ ಬೆಕ್ಕೊಂದನ್ನ ತುಂಬಿ ಕಳಿಸಿದಳು.

"ಬಿಟ್ಟು ಬಂದ್ಯಾ?" ಅಂದ ಅಪ್ಪ.

"ಬಿಟ್ಟೆ."

"ಹಂಗಾದ್ರೆ ಚೀಲ ಯಾಕೆ ಕೂಗ್ತೈತೆ? ಅದೂ ನಾಲ್ಕೈದು ದನಿಯಾಗೆ?"

ಧಾರೆ ಸೀರೆ

ಸಾವ್ಕಾರರ ಮಗಳ ಧಾರೆ ಸೀರೆ ನಮ್ಮ ಮಗ್ಗದಲ್ಲೇ ಆಗಿದ್ದು. ಧಾರೆ ದಿನ ಬೆಳಿಗ್ಗೆ ಕೊಡೋಕೆ ಹೊರಟಾಗ ಅಪ್ಪ ಅವ್ವನಿಗೆ ಹೇಳಿದ, "ಇದು ಹೊತ್ತಿಗೆ ಮುಟ್ಟದಿದ್ರೆ ಒಕ್ಕಣ್ಣಿ ಸಮೇತ ಒಂದೂ ಈ ಮನೇಲಿರಲ್ಲ." ಅವ್ವ ಒಕ್ಕಣ್ಣಿಯನ್ನ ಸೆರಗಿನೊಳಗೆ ಎಳೆದುಕೊಂಡಳು.

ಅಪ್ಪ ಹೊಸಿಲು ದಾಟಿದ, ಬೆಕ್ಕು ಅಡ್ಡ ಬಂತು. ಅಡ್ಡ ಬಂದರೆ ಒಳಗೆ ಬಂದು ಕೂತು, ನೀರು ಕುಡಿದು ಹೊರಡಬೇಕು. ಕುಡಿದ. ಹೊರಟ. ಇನ್ನೊಂದು ಬಂತು. ಹಿಂಗೇ ಹೊಟ್ಟೆ ಗುಳುಗುಳು ಅನ್ನೋವರೆಗೂ ಕುಡಿದ. ಕಾದು ಕಾದು ಸಾವ್ಕಾರರೇ ಬಂದರು, ಸೀರೆ ಕಸಕೊಂಡು ತಿರುಗಿದರು. ಬೂದಿ ಬೆಕ್ಕು ಅಡ್ಡ ಬಂತು. ಅವರೂ ಅಪ್ಪನ ಪಕ್ಕ ಕೂತು ನೀರು ಕುಡಿದರು.

"ಮುಹೂರ್ತ ಮೀರ್ತೈತಲ್ಲೋ!" ಅಂದರು ಸಾವ್ಕಾರರು.

ನಾನು ಬೂದಿ ಬೆಕ್ಕನ್ನ ಹಿಡಿದು ಅವರ ಬಗಲಿಗೆ ತುರುಕಿದೆ. "ಬಗಲಲ್ಲಿರೋ ಬೆಕ್ಕು ಅಡ್ಡ ಬರಲ್ಲ ಸಾವ್ಕಾರ್ರೇ."

"ಶಾಸ್ತ್ರದಾಗೆ ಐತೇನೋ?"

"ನಾನು ಓದಿದಷ್ಟರಾಗೆ ಇಲ್ಲ ಅಂತ ಎಲ್ಲೂ ಬರೆದಿಲ್ರಿ."

ಒಂದು ಬಗಲಲ್ಲಿ ಸೀರೆ, ಇನ್ನೊಂದರಲ್ಲಿ ಬೆಕ್ಕು. ಧಾರೆಗೆ ಸರಿಯಾಗಿ ಮುಟ್ಟಿದರು.

ಸುದ್ದಿ ಹಬ್ಬಿತು. ಅವತ್ತಿಂದ ನಮ್ಮನೆಗೆ ಬಂದ ಯಾರೂ ಬಗಲಲ್ಲಿ ಬೆಕ್ಕಿಲ್ಲದೆ ಹೊಸಿಲು ದಾಟಲಿಲ್ಲ. ಕೊನೆಗೆ ಉಳಿದದ್ದು ಒಕ್ಕಣ್ಣಿ ಒಂದೇ. ಅದನ್ನ ಅವ್ವ ಸೆರಗಿನಿಂದ ಇಳಿಸಿರಲಿಲ್ಲ.

ಮರುವಾರ ಅಪ್ಪ ಹೆಗಲಿಗೆ ಸೀರೆ ಗಂಟು ಏರಿಸಿ ಹಗುರಾಗಿ ಹೊರಟ. ಬೀದಿ ತಿರುವಿನಿಂದಲೇ ವಾಪಸು ಬಂದು ಕೂತ.

"ನೀರು ಕೊಡು."

"ಯಾಕ್ರಿ? ಒಕ್ಕಣ್ಣಿ ಇಲ್ಲೇ ಐತಲ್ಲ," ಅಂದಳು ಅವ್ವ.

"ಮುಂಚೆ ಒಂದೇ ಬಾಗ್ಲಾಗೆ ಅಡ್ಡ ಬರ್ತಿದ್ವು. ಈಗ ಮನೆಮನೆಯಿಂದ ಬರ್ತಾವೆ. ನನ್ನ ಕಂಡ್ರೆ ತವರಿನೋರು ಬಂದ್ರು ಅಂತ ಓಡಿ ಬರ್ತಾವೆ ಕಣೇ."